ಕೆಸರುಗದ್ದೆಯ ಗಾಲಿ ಮತ್ತು ಹಲಗೆ

ಕೆಸರುಗದ್ದೆಯ ಗಾಲಿ ಮತ್ತು ಹಲಗೆ: ನೀರು ಕಟ್ಟಿ ಕಲಸಿದ ಭತ್ತದ ಗದ್ದೆಯಲ್ಲಿ ಭಾರ ಹೊತ್ತು ಓಡಾಡುವ, ಮಣ್ಣು ಕಲಸುವ, ಮಟ್ಟ ಮಾಡುವ ಸಾಧನಗಳು. ಎತ್ತು, ಕೋಣಗಳು ಎಳೆಯುವ ಮರದ ಹಲಗೆ, ಪವರ್ ಟಿಲ್ಲರ್‌ನ ಕಬ್ಬಿಣದ ಗಾಲಿ, ಟ್ರ್ಯಾಕ್ಟರ್‌ನ ರಬ್ಬರ್ ಟಯರ್, ಆ ಟಯರಿನ ಜಾಗಕ್ಕೋ ಮಗ್ಗುಲಿಗೋ ಕೂರಿಸುವ ಕೇಜ್ ವೀಲ್, ಕೊಯ್ಲು ಯಂತ್ರದ ರಬ್ಬರ್ ಬೆಲ್ಟ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಬಿ.ಎಚ್. ರಸ್ತೆಯಲ್ಲಿರುವ ಮಾಚೇನಹಳ್ಳಿ ಇಂದು ಕೈಗಾರಿಕಾ ಪ್ರದೇಶ, ಶಿಮುಲ್ ಡೇರಿ, ಮೀಸಲು ಪೊಲೀಸ್ ಪಡೆಗಳಿಂದ ಹೆಸರಾಗಿದೆ. ಆದರೆ ಅದು ಇರುವುದು ತುಂಗಾ ಮತ್ತು ಭದ್ರಾ ನದಿಗಳ ನಡುವಿನ ಭತ್ತದ ಸೀಮೆಯಲ್ಲಿ. ಗಾಜನೂರಿನ ಅಣೆಕಟ್ಟೆಯಿಂದ, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ನಾಲೆಗಳು ಈ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತವೆ. ನಾಲೆಗೆ ನೀರು ಬಿಟ್ಟ ಕೂಡಲೇ ಇಲ್ಲಿ ಏಳುವ ಪ್ರಶ್ನೆ ಒಂದೇ: ಗದ್ದೆಗೆ ಯಾವ ಗಾಲಿ ಇಳಿಸಬೇಕು? ಗಾಲಿಯನ್ನಷ್ಟೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಭಾರದ ಯಂತ್ರವನ್ನು ಕೊನೆಗೂ ಹೊರುವುದು ಕೆಸರಲ್ಲ, ಕೆಸರಿನ ಕೆಳಗಿರುವ ಗಟ್ಟಿ ತಳ. ಆ ತಳ ಎಷ್ಟು ಆಳದಲ್ಲಿದೆ, ಮೇಲಿನ ಕೆಸರು ಎಷ್ಟು ನೀರು ಕುಡಿದಿದೆ ಎಂಬುದರ ಮೇಲೆ ಸಾಧನದ ಯೋಗ್ಯತೆ ನಿಂತಿದೆ. ಈ ಲೇಖನದ ವಾದ ಇಷ್ಟೇ.

ನಾಟಿಗೆ ಸಿದ್ಧವಾದ ಗದ್ದೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿ ನೋಡಿದರೆ ಮೂರು ಪದರ ಸಿಗುತ್ತವೆ. ಮೇಲೆ ಬೆರಳುದ್ದದ ತಿಳಿನೀರು. ಅದರ ಕೆಳಗೆ ಗೇಣುದ್ದದ ಕೆಸರು. ಅದರ ಕೆಳಗೆ ವರ್ಷವರ್ಷವೂ ಉಳುವಾಗ ಗೊರಸು, ನೇಗಿಲು, ಗಾಲಿಗಳ ಒತ್ತಡಕ್ಕೆ ಸಿಕ್ಕಿ ಬಿಗಿದುಕೊಂಡ ತಳ. ತಳ ಕಟ್ಟಿದ ಗದ್ದೆಯಲ್ಲಿ ನೀರು ಇಂಗುವುದು ಕಡಿಮೆಯಾಗಿ ದಿನಗಟ್ಟಲೆ ನಿಲ್ಲುತ್ತದೆ; ಕಳೆಯೂ ಹದ್ದುಬಸ್ತಿನಲ್ಲಿರುತ್ತದೆ. ರೈತ ಕಷ್ಟಪಟ್ಟು ಮಣ್ಣನ್ನು ಕೆಸರು ಮಾಡುವುದು ಇದಕ್ಕಾಗಿಯೇ. ಮಣ್ಣಿಗೆ ನೀರು ಸೇರುತ್ತ ಹೋದಂತೆ ಅದು ಮೊದಲು ಹೆಂಟೆಯಂತೆ ಒಡೆಯುತ್ತದೆ, ಆಮೇಲೆ ರೊಟ್ಟಿಯ ಹಿಟ್ಟಿನಂತೆ ನಾದಲು ಬರುತ್ತದೆ, ಕೊನೆಗೆ ಅಂಬಲಿಯಂತೆ ಹರಿಯುತ್ತದೆ. ಈ ಸ್ಥಿತಿಗಳ ನಡುವಿನ ಗಡಿಗಳನ್ನು ನೀರಿನ ಪ್ರಮಾಣದಿಂದ ಅಳೆಯಬಹುದೆಂದು ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ತೋರಿಸಿದರು. ಮಣ್ಣಿನ ಪ್ರಯೋಗಾಲಯಗಳು ಇಂದಿಗೂ ಆ ಗಡಿಗಳಿಗೆ ಅವರ ಹೆಸರನ್ನೇ ಹೇಳುತ್ತವೆ. ಗದ್ದೆಯಲ್ಲಿ ಅದೇ ಕೆಲಸವನ್ನು ಕಾಲು ಮಾಡುತ್ತದೆ. ಹಿಮ್ಮಡಿ ಮುಳುಗಿ ನಿಂತರೆ ತಳ ಹತ್ತಿರದಲ್ಲಿದೆ. ಮೀನಖಂಡದವರೆಗೆ ಹೋಗಿ ನಿಂತರೆ ಹುಷಾರಾಗಿರಬೇಕು. ಮಂಡಿ ದಾಟಿಯೂ ಕಾಲು ನಿಲ್ಲದಿದ್ದರೆ ಅದು ಗದ್ದೆಯಲ್ಲ, ಜೌಗು. ಭದ್ರಾ ಅಚ್ಚುಕಟ್ಟಿನಲ್ಲಿ ಕೆಂಪು ಮಣ್ಣೂ ಇದೆ, ಕಪ್ಪು ಮಣ್ಣೂ ಇದೆ. ಮರಳಿನಂಶದ ಕೆಂಪು ಮಣ್ಣು ಬೇಗ ನೀರು ಬಿಟ್ಟುಕೊಟ್ಟು ಬೇಗ ಕೂರುತ್ತದೆ, ಜೇಡಿ ಹೆಚ್ಚಿದ ಕಪ್ಪು ಮಣ್ಣು ನೀರನ್ನು ಹಿಡಿದಿಟ್ಟು ದಿನಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಆದ್ದರಿಂದ ಒಂದೇ ನಾಲೆಯ ಕೆಳಗೆ, ಒಂದೇ ದಿನ, ಒಂದೇ ಟ್ರ್ಯಾಕ್ಟರ್ ಒಂದು ಗದ್ದೆಯಲ್ಲಿ ಓಡಿ ಇನ್ನೊಂದರಲ್ಲಿ ಹೂತುಕೊಂಡರೆ ಅದು ಚಾಲಕನ ತಪ್ಪೇ ಆಗಿರಬೇಕೆಂದಿಲ್ಲ.

ಸಾಧನಗಳನ್ನು ಹೋಲಿಸಲು ಒಂದು ಸಾಮಾನ್ಯ ಅಳತೆ ಬೇಕು. ಅದು ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ ಬೀಳುವ ಭಾರ. 60 ಕಿಲೋ ತೂಗುವ ಮನುಷ್ಯ ನಡೆಯುವಾಗ ಒಂದೇ ಪಾದದ ಮೇಲೆ, ಅಂದರೆ ಸುಮಾರು 150 ಚದರ ಸೆಂಟಿಮೀಟರ್ ಮೇಲೆ ನಿಲ್ಲುತ್ತಾನೆ ಎಂದುಕೊಂಡರೆ ಒತ್ತಡ 0.4 ಕಿಲೋ. 350 ಕಿಲೋದ ಎತ್ತಿನ ಒಂದೊಂದು ಗೊರಸು 70 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ನಿಂತಾಗಲೇ ಅದರ ಒತ್ತಡ ಒಂದೂಕಾಲು ಕಿಲೋ, ನಡೆಯುವಾಗ ಅದರ ಇಮ್ಮಡಿ. ಟ್ರ್ಯಾಕ್ಟರ್ ಟಯರಿನ ಲೆಕ್ಕ ಇನ್ನೂ ಸುಲಭ: ಒಳಗಿನ ಗಾಳಿಯ ಒತ್ತಡ ಎಷ್ಟೋ ನೆಲದ ಮೇಲೆ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಒಂದು ಕಿಲೋದ ಆಸುಪಾಸು. ಈ ಲೆಕ್ಕದಲ್ಲಿ ಎತ್ತಿನ ಗೊರಸು ಟ್ರ್ಯಾಕ್ಟರಿಗಿಂತ ಹೆಚ್ಚು ಒತ್ತುತ್ತದೆ. ಆದರೂ ಎತ್ತು ಕೆಸರಿನಲ್ಲಿ ನಡೆದುಹೋಗುತ್ತದೆ, ಟ್ರ್ಯಾಕ್ಟರ್ ಕೂತುಬಿಡುತ್ತದೆ. ಎತ್ತು ಕಾಲನ್ನು ತಳಕ್ಕೆ ಊರಿ, ಎತ್ತಿ, ಮುಂದಿಡುತ್ತದೆ. ಗಾಲಿಗೆ ಎತ್ತಿಡುವ ಉಪಾಯ ಗೊತ್ತಿಲ್ಲ. ಅದು ತನ್ನ ಮುಂದಿನ ಕೆಸರನ್ನು ತಳ್ಳಿಕೊಂಡೇ ಹೋಗಬೇಕು. ಒತ್ತಡಕ್ಕೂ ಮುಳುಗುವ ಆಳಕ್ಕೂ ಇರುವ ಸಂಬಂಧವನ್ನು ಸೂತ್ರಕ್ಕೆ ತಂದವರು ಪೋಲೆಂಡ್ ಮೂಲದ ಎಂಜಿನಿಯರ್ ಎಂ. ಜಿ. ಬೆಕ್ಕರ್. 1956ರಲ್ಲಿ ಪ್ರಕಟವಾದ ಅವರ ಗ್ರಂಥ ಮೃದು ನೆಲದ ಮೇಲಿನ ಚಲನೆಯನ್ನೇ ಒಂದು ಶಾಸ್ತ್ರವಾಗಿ ನಿಲ್ಲಿಸಿತು. 1971ರಲ್ಲಿ ಚಂದ್ರನ ಮೇಲೆ ಓಡಿದ ಗಾಡಿಯ ಗಾಲಿಗಳ ಹಿಂದೆಯೂ ಅವರ ಕೆಲಸವಿದೆ. ಅವರ ಲೆಕ್ಕದಲ್ಲಿ ಹಿಮ, ಕೆಸರು, ಚಂದ್ರನ ಧೂಳು ಒಂದೇ ಜಾತಿಗೆ ಸೇರುತ್ತವೆ: ಒತ್ತಿದರೆ ಕುಸಿಯುವ, ಒಂದು ಆಳಕ್ಕೆ ಹೋದ ಮೇಲೆ ತಡೆಯುವ ನೆಲ.

ಹಿಮದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುಲ್ಮಾರ್ಗ್, ಔಲಿಯಂಥ ಹಿಮಾಲಯದ ಇಳಿಜಾರುಗಳಲ್ಲಿ ಸ್ಕೀ ಆಡುವವರು ಹೊಸದಾಗಿ ಬಿದ್ದ ಪುಡಿ ಹಿಮಕ್ಕೆ ಅಗಲವಾದ ಸ್ಕೀ ಕಟ್ಟಿಕೊಳ್ಳುತ್ತಾರೆ. ಹದ ಮಾಡಿದ ಗಟ್ಟಿ ಹಿಮಕ್ಕೆ ಬಳಸುವ ಸ್ಕೀ ನಡುವಿನಲ್ಲಿ 65ರಿಂದ 80 ಮಿಲಿಮೀಟರ್ ಅಗಲವಿದ್ದರೆ, ಪುಡಿ ಹಿಮದ್ದು 105ರಿಂದ 120 ಮಿಲಿಮೀಟರ್, ಕೆಲವು ಇನ್ನೂ ಹೆಚ್ಚು. 180 ಸೆಂಟಿಮೀಟರ್ ಉದ್ದ, ಸರಾಸರಿ 11 ಸೆಂಟಿಮೀಟರ್ ಅಗಲದ ಒಂದು ಜೊತೆ ಸ್ಕೀ ಮೇಲೆ 75 ಕಿಲೋದ ಮನುಷ್ಯ ನಿಂತರೆ ಚದರ ಸೆಂಟಿಮೀಟರಿಗೆ ಬೀಳುವುದು 20 ಗ್ರಾಂ ಕೂಡ ಅಲ್ಲ. ತಾಜಾ ಒಣ ಹಿಮದಲ್ಲಿ ಬಹುಪಾಲು ಗಾಳಿಯೇ. ಒಂದು ಘನ ಮೀಟರಿಗೆ ಅದು ತೂಗುವುದು 50ರಿಂದ 100 ಕಿಲೋ ಮಾತ್ರ. ಅಲ್ಲಿ ಗಟ್ಟಿ ತಳ ಕಾಲಿಗೆ ಎಟಕುವುದಿಲ್ಲ, ಆದ್ದರಿಂದ ತೇಲುವುದೊಂದೇ ದಾರಿ. 2002ರಲ್ಲಿ ಶೇನ್ ಮೆಕಾಂಕಿ ಎಂಬ ಸ್ಕೀಪಟು ನೀರಿನ ಮೇಲೆ ಜಾರುವ ಸ್ಕೀಯನ್ನು ಮಾದರಿಯಾಗಿಟ್ಟುಕೊಂಡು, ಎರಡೂ ತುದಿ ಮೇಲಕ್ಕೆ ಬಾಗಿದ 'ಸ್ಪ್ಯಾಟುಲಾ' ಸ್ಕೀಯನ್ನು ವೊಲಾಂಟ್ ಕಂಪನಿಯಿಂದ ಹೊರತಂದದ್ದು ಈ ತಿಳಿವಿನಿಂದಲೇ. ಆದರೆ ಅದೇ ಅಗಲದ ಸ್ಕೀ ಮಂಜುಗಡ್ಡೆಯಾದ ಇಳಿಜಾರಿಗೆ ಬಂದರೆ ಅಂಚು ಕಚ್ಚುವುದಿಲ್ಲ, ತಿರುವು ತಡವಾಗುತ್ತದೆ. ಒಂದರಲ್ಲಿ ಗುಣವಾದದ್ದು ಇನ್ನೊಂದರಲ್ಲಿ ದೋಷ. ಗದ್ದೆಯ ಗಾಲಿಗೂ ಈ ಮಾತು ಸಲ್ಲುತ್ತದೆ. ಭೇದ ಒಂದಿದೆ: ಪುಡಿ ಹಿಮದವನಿಗೆ ತಳ ಸಿಗುವುದಿಲ್ಲ, ಗದ್ದೆಯವನಿಗೆ ಸಾಮಾನ್ಯವಾಗಿ ಸಿಗುತ್ತದೆ. ಹಾಗಾಗಿ ಹಿಮದ ಪಾಠವನ್ನು ಹಾಗೆಯೇ ಎತ್ತಿ ಗದ್ದೆಗೆ ತಂದಿಟ್ಟರೆ ಎಡವುತ್ತೇವೆ.

ಸ್ಕೀಯಂತೆ ನಿಜವಾಗಿಯೂ ತೇಲುವ ಸಾಧನ ನಮ್ಮ ಗದ್ದೆಯಲ್ಲಿರುವುದು ಹಲಗೆ. ಉತ್ತು ಕಲಸಿದ ಮೇಲೆ ಮಟ್ಟ ಹೊಡೆಯುವ ಮರದ ಹಲಗೆಯ ಮೇಲೆ ಆಳು ನಿಂತು ತನ್ನ ಭಾರವನ್ನು ಹಿಂದಕ್ಕೆ ಮುಂದಕ್ಕೆ ತೂಗಿಸುತ್ತ ಉಬ್ಬನ್ನು ತಗ್ಗಿಗೆ ಎಳೆದುಹಾಕುತ್ತಾನೆ. ಕೆಸರು ಅಂಬಲಿಯ ಹದದಲ್ಲಿದ್ದರೆ ಹಲಗೆ ಜಾರುತ್ತದೆ. ನೀರು ಇಳಿದು ಹಿಟ್ಟಿನ ಹದಕ್ಕೆ ಬಂದರೆ ಅದೇ ಹಲಗೆ ಮಣ್ಣನ್ನು ಮುಂದೆ ಗುಡ್ಡೆ ಹಾಕಿಕೊಂಡು ಎತ್ತಿನ ಹೆಗಲು ಹಿಂಡುತ್ತದೆ. ಕರಾವಳಿಯ ಕೋಣಗಳ ಓಟವಾದ ಕಂಬಳ ಈ ಹಲಗೆಯನ್ನು ಆಟಕ್ಕೆ ತಂದು ಅದರ ಸೂಕ್ಷ್ಮಗಳನ್ನು ಬೇರ್ಪಡಿಸಿದೆ. ಅಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ಬೇರೆ ಬೇರೆ ವಿಭಾಗಗಳಿವೆ, ಒಂದರ ಜೊತೆ ಇನ್ನೊಂದನ್ನು ಓಡಿಸುವುದಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡ ಅವರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು, ಅಂದರೆ ಓಟದ ಕೆಸರುಗದ್ದೆಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು. ಕನೆ ಹಲಗೆಯಲ್ಲಿ ಲೆಕ್ಕ ವೇಗದ್ದಲ್ಲ; ಹಲಗೆಯ ತೂತುಗಳಿಂದ ಚಿಮ್ಮುವ ನೀರು ಆರೂವರೆ ಕೋಲು, ಏಳೂವರೆ ಕೋಲು (ಕಂಬಳದಲ್ಲಿ ಬಳಸುವ ಅಳತೆ) ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದು. ಸೆಕೆಂಡಿಗೆ ಹತ್ತು ಮೀಟರ್ ವೇಗದ ನೀರು ನೇರ ಮೇಲಕ್ಕೆ ತಿರುಗಿದರೆ ಐದು ಮೀಟರಿನಷ್ಟು ಏರಬಲ್ಲದು ಎಂದು ಗತಿಶಾಸ್ತ್ರ ಹೇಳುತ್ತದೆ. ಗದ್ದೆಯ ಹಲಗೆಯಲ್ಲಿ ಹೀಗೆ ನೀರು ಚಿಮ್ಮಿದರೆ ಅದು ಶಕ್ತಿಯ ನಷ್ಟ, ಕನೆ ಹಲಗೆಯಲ್ಲಿ ಅದೇ ಗೆಲುವು. ಸಾಧನವನ್ನು ತೂಗುವ ಮೊದಲು ಅದರಿಂದ ಏನು ಕೆಲಸ ಬೇಕು ಎಂದು ಗೊತ್ತುಮಾಡಿಕೊಳ್ಳಬೇಕೆಂಬುದನ್ನು ಕಂಬಳದ ಈ ವಿಂಗಡಣೆ ಬಹಳ ಹಿಂದೆಯೇ ಒಪ್ಪಿಕೊಂಡಿದೆ.

ಯಂತ್ರಗಳಿಗೆ ಬಂದರೆ ಹೋಲಿಕೆ ಮುಖ್ಯವಾಗಿ ರಬ್ಬರ್ ಟಯರ್ ಮತ್ತು ಕೇಜ್ ವೀಲ್ ನಡುವೆ. ಹಿಮ್ಮಡಿ ಆಳದ ಕೆಸರಿನಲ್ಲಿ, ತಳ ಗಟ್ಟಿಯಾಗಿದ್ದರೆ, ಟಯರ್ ಸಾಕು. ಕೆಸರು ಆಳವಾದಂತೆ ಟಯರಿನ ಹಲ್ಲುಗಳ ಸಂದಿಯಲ್ಲಿ ಜೇಡಿ ತುಂಬಿಕೊಂಡು ಅದು ನುಣುಪಾದ ಉರುಳೆಯಾಗುತ್ತದೆ. ಎಂಜಿನ್ ಎಷ್ಟೇ ಕೂಗಿದರೂ ಗಾಲಿ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ. ಕೇಜ್ ವೀಲ್ ಬೇರೆ ಬಗೆಯದು. ಹತ್ತಿರ ಹೋಗಿ ನೋಡಿದರೆ ಎರಡು ಮೂರು ಕಬ್ಬಿಣದ ಬಳೆಗಳು, ಅವುಗಳಿಗೆ ಅಡ್ಡಲಾಗಿ ಓರೆಯಾಗಿ ಬೆಸುಗೆ ಹಾಕಿದ ಆಂಗಲ್ ಪಟ್ಟಿಗಳು, ನಡುವೆ ಬೋಲ್ಟ್ ಕೂರಿಸುವ ತಟ್ಟೆ ಕಾಣುತ್ತವೆ. ಉಳಿದದ್ದೆಲ್ಲ ಬಯಲು, ಆ ಬಯಲೇ ಅದರ ಗುಟ್ಟು. ಕೆಸರು ಅದರೊಳಗೆ ನುಗ್ಗಿ ಹೊರಗೆ ಹೋಗುತ್ತದೆ. ಒಂದೊಂದು ಪಟ್ಟಿಯೂ ಗೊರಸಿನಂತೆ ಇಳಿದು ತಳವನ್ನು ಊರಿ ತಳ್ಳುತ್ತದೆ. ತಳ್ಳುತ್ತಲೇ ಹೆಂಟೆ ಒಡೆದು ಕಲಸುವುದರಿಂದ ಅದು ಗಾಲಿಯೂ ಹೌದು, ಉಳುವ ಸಾಧನವೂ ಹೌದು. ಮೀನಖಂಡದ ಆಳದ, ಅಂಬಲಿ ಹದದ ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ. ನೀರು ಸಾಲದ ಕಪ್ಪು ಜೇಡಿಯಲ್ಲಿ ಮಾತ್ರ ಅದರ ಬಯಲು ಹೂರಣ ತುಂಬಿದ ಕಡುಬಿನಂತೆ ಮುಚ್ಚಿಹೋಗಿ, ಯಂತ್ರ ಒಂದೊಂದು ಸುತ್ತಿಗೂ ಮಣ್ಣಿನ ಪೀಪಾಯಿಯನ್ನೇ ಹೊತ್ತು ತಿರುಗಿಸಬೇಕಾಗುತ್ತದೆ. ಒಣ ನೆಲದಲ್ಲಿ ಪಟ್ಟಿಗಳು ಬಡಿದು ಯಂತ್ರ ಅದುರುತ್ತದೆ. ಆಳದ ಕೆಸರಿನಲ್ಲಿ ಟಯರಿನ ಮಗ್ಗುಲಿಗೆ ಅರ್ಧ ಅಗಲದ ಕೇಜ್ ವೀಲ್ ಜೋಡಿಸುವುದು ಎರಡರ ನಡುವಿನ ರಾಜಿ: ಭಾರವನ್ನು ಟಯರ್ ಹಂಚಿಕೊಳ್ಳುತ್ತದೆ, ಹಿಡಿತವನ್ನು ಕಬ್ಬಿಣ ಕೊಡುತ್ತದೆ.

ಪವರ್ ಟಿಲ್ಲರ್ ಮತ್ತು ಬೆಲ್ಟ್ ಯಂತ್ರಗಳು ಈ ಸಾಲಿನ ಎರಡು ತುದಿಗಳು. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ಶುರುವಾದ ವಿ.ಎಸ್.ಟಿ. ಕಂಪನಿಯ ಟಿಲ್ಲರ್‌ಗಳು ಮಲೆನಾಡಿನ ಸಣ್ಣ ಗದ್ದೆಗಳಿಗೆ ಹೊಂದಿಕೊಂಡವು. ಹಗುರವಾದ ಯಂತ್ರ, ಎರಡೇ ಗಾಲಿ, ಹಿಂದೆ ನಡೆಯುವ ಮನುಷ್ಯ. ಹೂತರೂ ನಾಲ್ಕು ಜನ ಸೇರಿ ಎತ್ತಬಹುದು. ಬೆಲ್ಟ್ ಕೊಯ್ಲು ಯಂತ್ರದ್ದು ಇದಕ್ಕೆ ವಿರುದ್ಧ ಉಪಾಯ. ನಾಲ್ಕು ಟನ್ ತೂಗುವ ಯಂತ್ರ 45 ಸೆಂಟಿಮೀಟರ್ ಅಗಲದ ಎರಡು ಬೆಲ್ಟ್‌ಗಳ ಮೇಲೆ ನಿಂತು, ತಲಾ 160 ಸೆಂಟಿಮೀಟರ್ ಉದ್ದ ನೆಲವನ್ನು ಮುಟ್ಟಿದರೆ ಒತ್ತಡ 0.28 ಕಿಲೋ ಮಾತ್ರ. ಅಂದರೆ ನಡೆಯುವ ಮನುಷ್ಯನ ಪಾದಕ್ಕಿಂತ ಕಡಿಮೆ. ನೀರು ಪೂರ್ತಿ ಬಸಿಯದ ಗದ್ದೆಯಲ್ಲಿ ಕೊಯ್ಲಿಗೆ ಮಳೆ ಹಿಡಿದಾಗ ಟಯರಿನ ಯಂತ್ರ ಬದುವಿನ ಮೇಲೇ ನಿಲ್ಲುತ್ತದೆ, ಬೆಲ್ಟಿನ ಯಂತ್ರ ಇಳಿಯುತ್ತದೆ. ಬೆಲೆ ಹೆಚ್ಚು, ಬೆಲ್ಟ್ ಸವೆತ ಹೆಚ್ಚು, ಊರಿಂದೂರಿಗೆ ಲಾರಿಯ ಮೇಲೆ ಹೊತ್ತೊಯ್ಯಬೇಕು. ಒಣಗಿದ ಗದ್ದೆಯಲ್ಲಿ ಈ ಖರ್ಚೆಲ್ಲ ವ್ಯರ್ಥ. ಅಲ್ಲಿ ಟಯರಿನ ಯಂತ್ರವೇ ಚುರುಕು.

ಇಷ್ಟು ಹೇಳಿದ ಮೇಲೆ ಸಹಜವಾಗಿ ಬರುವ ಆಕ್ಷೇಪ ಒಂದಿದೆ. ಭಾರವನ್ನು ಹರಡುವುದೇ ಗುಟ್ಟಾದರೆ ಎಲ್ಲ ಯಂತ್ರಕ್ಕೂ ಅಗಲವಾದ ಗಾಲಿ ಹಾಕಿ ಮುಗಿಸಬಾರದೇಕೆ? ಮೇಲ್ಮಣ್ಣಿನ ಮಟ್ಟಿಗೆ ಈ ಮಾತು ಸರಿ. ಆದರೆ ನೆಲದೊಳಗೆ ಒತ್ತಡ ಇಳಿಯುವ ಬಗೆಯೇ ಬೇರೆ ಎಂಬುದನ್ನು ಫ್ರೆಂಚ್ ಗಣಿತಜ್ಞ ಬುಸಿನೆಸ್ಕ್ 1885ರಲ್ಲಿ ಕಟ್ಟಿದ ಲೆಕ್ಕ ತೋರಿಸುತ್ತದೆ. ಮೇಲ್ಪದರದಲ್ಲಿ ಮಣ್ಣು ಎಷ್ಟು ಬಿಗಿಯುತ್ತದೆಂಬುದನ್ನು ಚದರ ಸೆಂಟಿಮೀಟರಿನ ಒತ್ತಡ ನಿರ್ಧರಿಸುತ್ತದೆ. ಆಳಕ್ಕೆ ಹೋದಂತೆ ನಿರ್ಧರಿಸುವುದು ಅಚ್ಚಿನ ಮೇಲಿನ ಒಟ್ಟು ಭಾರ. ಎರಡು ಗಾಲಿಗಳ ಒತ್ತಡ ಒಂದೇ ಆಗಿದ್ದರೂ ಹೆಚ್ಚು ಭಾರ ಹೊತ್ತ ಅಗಲದ ಗಾಲಿಯ ಒತ್ತಡ ಹೆಚ್ಚು ಆಳಕ್ಕೆ ಮುಟ್ಟುತ್ತದೆ. ಎತ್ತಿನ ಗೊರಸು ಚದರ ಸೆಂಟಿಮೀಟರಿಗೆ ಹೆಚ್ಚು ಒತ್ತಿದರೂ ಗೇಣುದ್ದದಲ್ಲಿ ತಳ ಕಟ್ಟಿ ಅಲ್ಲಿಗೇ ನಿಲ್ಲುವುದಕ್ಕೆ, ಭಾರದ ಯಂತ್ರ ಮೇಲೆ ಹಗುರವಾಗಿ ತೇಲಿದಂತೆ ಕಂಡರೂ ಕೆಳಗಿನ ತಳವನ್ನು ಕುಸಿಯುವಂತೆ ಮಾಡುವುದಕ್ಕೆ ಇದೇ ಕಾರಣ. ತಳ ಒಮ್ಮೆ ಒಡೆದರೆ ಅಲ್ಲಿ ನೀರು ಇಂಗುತ್ತದೆ, ಮುಂದಿನ ಸಲ ಗಾಲಿ ಅಲ್ಲೇ ಇನ್ನೂ ಆಳಕ್ಕೆ ಇಳಿಯುತ್ತದೆ. ಅಗಲ ಯಂತ್ರವನ್ನು ಇಂದು ಪಾರುಮಾಡಬಹುದು. ಗದ್ದೆಯನ್ನು ಕಾಪಾಡುವುದು ಭಾರ ಇಳಿಸುವುದರಿಂದ ಮಾತ್ರ ಸಾಧ್ಯ. ಇನ್ನು ಸಣ್ಣ ಗದ್ದೆಯ ಮೂಲೆಯಲ್ಲಿ ಅಗಲದ ಗಾಲಿ ತಿರುಗುವಾಗ ಬದು ಕಡಿದುಹೋಗುವುದು ಬೇರೆ ತಾಪತ್ರಯ.

ಹಾಗಾದರೆ ಎತ್ತು ಕೋಣಗಳಿಗೇ ಮರಳುವುದು ಒಳ್ಳೆಯದಲ್ಲವೇ ಎಂಬುದು ಎರಡನೆಯ ಆಕ್ಷೇಪ. ಮಣ್ಣಿನ ಮಟ್ಟಿಗೆ ಉತ್ತರ ಹೌದು ಎಂದೇ. ಕಾಲದ ಮಟ್ಟಿಗೆ ಅಲ್ಲ. 186 ಅಡಿಯ ಭದ್ರಾ ಜಲಾಶಯ ತುಂಬುವುದನ್ನು ಕಾದು ನಾಲೆಗೆ ನೀರು ಬಿಡುತ್ತಾರೆ. ಬಿಟ್ಟ ಕೆಲವೇ ವಾರಗಳಲ್ಲಿ ಇಡೀ ಅಚ್ಚುಕಟ್ಟಿನ ನಾಟಿ ಮುಗಿಯಬೇಕು. ಒಂದು ಜೊತೆ ಎತ್ತು ದಿನವಿಡೀ ಉಳುವಷ್ಟನ್ನು ಟ್ರ್ಯಾಕ್ಟರ್ ಗಂಟೆಯ ಲೆಕ್ಕದಲ್ಲಿ ಮುಗಿಸುತ್ತದೆ, ಎತ್ತು ಸಾಕುವ ಮನೆಗಳೂ ಕಡಿಮೆಯಾಗಿವೆ. ಕೆಸರು ಮಾಡುವುದನ್ನೇ ಬಿಟ್ಟರೆ ಹೇಗೆ ಎಂಬುದು ಮೂರನೆಯ ಆಕ್ಷೇಪ, ಇದೇ ಹೆಚ್ಚು ಗಟ್ಟಿಯಾದದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಬಿಡುಗಡೆ ಮಾಡಿದ ಎಂಎಎಸ್ 946-1 ಭತ್ತವನ್ನು ನೀರು ನಿಲ್ಲಿಸದೆ ಬೆಳೆಯಬಹುದು. ನೇರ ಬಿತ್ತನೆಯಲ್ಲಿ ಕೇಜ್ ವೀಲಿಗೆ ಕೆಲಸವೇ ಇಲ್ಲ. ನೀರು ಕಡಿಮೆಯಿರುವ ಎತ್ತರದ ಜಮೀನಿಗೆ ಇದು ಒಪ್ಪುವ ದಾರಿ. ಆದರೆ ನಾಲೆಯ ಬಸಿನೀರು ನುಗ್ಗುವ ತಗ್ಗಿನ ಗದ್ದೆ ನಾವು ಬೇಡವೆಂದರೂ ಕೆಸರಾಗಿಯೇ ಇರುತ್ತದೆ. ನೀರು ನಿಲ್ಲದ ಕಡೆ ಕಳೆಯ ಹೊರೆಯೂ ಹೆಚ್ಚು. ಗದ್ದೆಯನ್ನು ಅಡಿಕೆ ತೋಟ ಮಾಡುವವರಿಗಂತೂ ಅದೇ ಗಟ್ಟಿ ತಳ ವೈರಿಯಾಗುತ್ತದೆ. ಬಸಿಗಾಲುವೆ ತೋಡಿ ಅದನ್ನು ಸೀಳಬೇಕು. ತಳ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ಬೆಳೆಯ ಮೇಲೆ ನಿಂತ ಮಾತು.

ಗದ್ದೆಗೆ ಹೇಳಿಮಾಡಿಸಿದ ಸಾಧನ ಗದ್ದೆಯಾಚೆ ಹೇಗೆ ಕೆಡುಕಾಗುತ್ತದೆ ಎಂಬುದಕ್ಕೆ ಸಾಕ್ಷಿ ಡಾಂಬರು ರಸ್ತೆ. ಕೇಜ್ ವೀಲ್ ಬಿಚ್ಚದೆ ಟ್ರ್ಯಾಕ್ಟರ್ ರಸ್ತೆಗೆ ಹತ್ತಿದರೆ, ಕೆಸರಿನಲ್ಲಿ ಪಟ್ಟಿಯ ಪೂರ್ತಿ ಅಗಲಕ್ಕೆ ಹರಡಿದ್ದ ಭಾರ ಒಂದೆರಡು ಪಟ್ಟಿಗಳ ಅಂಚಿನ ಮೇಲೆ ಬಂದು ಕೂರುತ್ತದೆ. ಗಾಲಿ ಹೋದ ದಾರಿಯಲ್ಲಿ ಸಮ ಅಂತರದ ಬಿಳಿ ಗೀರುಗಳು ಬೀಳುತ್ತವೆ, ಗೀರಿಗೆ ಮಳೆನೀರು ಇಳಿದು ಡಾಂಬರು ಏಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರೋಡ್ ರೋಲರ್‌ನಂಥ ಕೆಲವನ್ನು ಬಿಟ್ಟು ಉಳಿದ ವಾಹನಗಳಿಗೆ ಗಾಳಿ ತುಂಬಿದ ಟಯರನ್ನೇ ಹೇಳುತ್ತವೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಗಾಲಿ ಬದಲಿಸುತ್ತ ಕೂತರೆ ದಿನ ಮುಗಿಯುತ್ತದೆ ಎಂಬ ಚಾಲಕರ ದೂರಿನಲ್ಲಿ ಹುರುಳಿದೆ. ಅದಕ್ಕೆ ಪರಿಹಾರ ರಸ್ತೆಯನ್ನು ಬಲಿಕೊಡುವುದಲ್ಲ. ಟಯರನ್ನು ಉಳಿಸಿಕೊಂಡೇ ಮಗ್ಗುಲಿಗೆ ಜೋಡಿಸುವ, ಟಯರಿಗಿಂತ ಗಿಡ್ಡವಾದ ಅರ್ಧ ಕೇಜ್ ವೀಲ್ ಗಟ್ಟಿ ನೆಲದಲ್ಲಿ ರಸ್ತೆಯನ್ನು ಮುಟ್ಟದೆ ಮೇಲೆ ನಿಲ್ಲುತ್ತದೆ, ಕೆಸರಿಗೆ ಇಳಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಎರಡೂ ನೆಲವನ್ನು ಮನಸ್ಸಿನಲ್ಲಿಟ್ಟು ಮಾಡಿದ ಸಾಧನಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗುವುದು ಕಷ್ಟ.

ಒಟ್ಟಿನಲ್ಲಿ, ಹಿಮ್ಮಡಿ ಆಳದ ಕೆಸರಿಗೆ ಟಯರ್ ಸಾಕು. ಮೀನಖಂಡದ ಆಳಕ್ಕೆ, ನೀರು ಹೇರಳವಿದ್ದರೆ, ಕೇಜ್ ವೀಲ್. ಅದಕ್ಕೂ ಆಳವಾದರೆ ಹಗುರವಾದ ಟಿಲ್ಲರ್. ನೀರು ಬಸಿಯದ ಕೊಯ್ಲಿಗೆ ಬೆಲ್ಟ್. ಮಂಡಿ ದಾಟಿದರೆ ಯಾವ ಯಂತ್ರವೂ ಬೇಡ, ಮೊದಲು ಬಸಿಗಾಲುವೆ. ಸ್ಕೀ ಆಡುವವನು ಸ್ಕೀಯನ್ನು ತಪ್ಪಾಗಿ ಆರಿಸಿಕೊಂಡರೆ ಅವನ ಆ ದಿನವೊಂದು ಕೆಡುತ್ತದೆ. ಅವನು ಎಳೆದ ಗೆರೆಗಳನ್ನು ರಾತ್ರಿಯ ಹಿಮ ಮುಚ್ಚಿಬಿಡುತ್ತದೆ. ಗದ್ದೆಯ ತಳಕ್ಕೆ ಬಿದ್ದ ಗುಂಡಿಯನ್ನು ಯಾವ ಮಳೆಯೂ ಮುಚ್ಚುವುದಿಲ್ಲ; ಅದು ಮುಂದಿನ ಬೆಳೆಗೆ, ಅದರ ಮುಂದಿನದಕ್ಕೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬಾಡಿಗೆಯ ಯಂತ್ರವನ್ನು ಕರೆಯುವ ಮೊದಲು ಗದ್ದೆಯ ನಾಲ್ಕು ಮೂಲೆಯಲ್ಲೂ ನಡುವಿನಲ್ಲೂ ಇಳಿದು ಕಾಲೂರಿ ನೋಡಬೇಕು. ಅದಕ್ಕೆ ತಗಲುವುದು ಹತ್ತು ನಿಮಿಷ.